'ಬರೀ ಪ್ರವಾದಿ'

ಸೌಹಾರ್ದ ಸಭೆಗಳಲ್ಲಿ ತಪ್ಪದೆ ಬರುವ ಮಾತೊಂದಿದೆ. ಈಚೆಗೆ ಮತ್ತೆ ಕೇಳಿದೆ. ದೀಪ, ಹಾರ, ಶಾಲು ಎಲ್ಲ ಮುಗಿದ ಮೇಲೆ ಮುಖ್ಯ ಭಾಷಣಕಾರರು, "ಮುಸ್ಲಿಮರೂ ಯೇಸುವನ್ನು ಒಪ್ಪುತ್ತಾರೆ, ಆದರೆ ಬರೀ ಪ್ರವಾದಿ ಅಂತ" ಎಂದರು. ಸಭೆ ತಲೆದೂಗಿತು. ನನಗೆ ಮಾತ್ರ ಆ 'ಬರೀ' ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಇದೇ ತೀರ್ಪಿಗೆ ಪಂಡಿತರ ವೇಷವೂ ಇದೆ. ಕುರ್‌ಆನಿನ ಈಸಾ, ಅಂದರೆ ಅಲ್ಲಿನ ಯೇಸು, ಚರ್ಚು ಕೈಬಿಟ್ಟ ಸುವಾರ್ತೆಗಳಿಂದ ಹೆಕ್ಕಿ ಹೊಲಿದ ಕೌದಿಯಂತೆ. ಮಣ್ಣಿನ ಹಕ್ಕಿಗೆ ಜೀವ ಊದಿದ್ದು ಒಂದು ಕಡೆಯದು, ಖರ್ಜೂರದ ಮರ ಇನ್ನೊಂದು ಕಡೆಯದು. ಭಾಷಣಕಾರರದು ವ್ಯವಕಲನ, ಪಂಡಿತರದು ಕಳ್ಳಮಾಲಿನ ಪಂಚನಾಮೆ. ದೇವಪುತ್ರನಿಂದ ಶಿಲುಬೆ, ಪುನರುತ್ಥಾನ ಕಳೆದರೆ ಉಳಿಯುವ ಶಿಲ್ಕೇ ಈಸಾ ಎಂದು ಇಬ್ಬರ ಲೆಕ್ಕ.

ಕನ್ನಡದವರಿಗೆ ಈ ಲೆಕ್ಕ ಒಪ್ಪುವಂಥದಲ್ಲ. ಜೈನ ಕವಿ ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಆ ರಾವಣ ಸೀತೆಯ ದೃಢತೆ ಕಂಡು ಒಳಗೇ ಸೋಲುತ್ತಾನೆ, ಬಿ.ಎಂ.ಶ್ರೀ. ಅವನಲ್ಲಿ ದುರಂತ ನಾಯಕನನ್ನೇ ಕಂಡರು. ಜೈನರದು ವಾಲ್ಮೀಕಿಯ ಕೆಟ್ಟ ನಕಲು ಎಂದು ನಾವು ಅದನ್ನು ಬದಿಗೆ ಸರಿಸಲಿಲ್ಲ, ಪಠ್ಯದಲ್ಲಿಟ್ಟು ಓದಿದೆವು. ಈಸಾನ ಸರದಿ ಬಂದಾಗ ಮಾತ್ರ ರಸೀದಿ ಕೇಳುತ್ತೇವೆ. (ನಂಬಿದವರಿಗೆ ಕುರ್‌ಆನ್ ಮರುಕಥನವಲ್ಲ, ದೇವವಾಣಿ, ಅದು ನನಗೆ ಗೊತ್ತು. ನಾನು ಓದುಗನಾಗಿ ಮಾತಾಡುತ್ತಿದ್ದೇನೆ.)

ಖರ್ಜೂರದ ಮರವನ್ನೇ ತೆಗೆದುಕೊಳ್ಳಿ. ಹುಸಿ ಮತ್ತಾಯನದೆಂದು ಕರೆಯುವ ಲ್ಯಾಟಿನ್ ಸುವಾರ್ತೆಯಲ್ಲಿ ಕುಟುಂಬ ಈಜಿಪ್ಟಿಗೆ ಓಡಿಹೋಗುತ್ತಿರುತ್ತದೆ. ತಾಯಿಗೆ ಹಣ್ಣು ಬೇಕೆನಿಸಿದಾಗ ಮಗು ಅಪ್ಪಣೆ ಕೊಡುತ್ತದೆ, ಮರ ಬಾಗುತ್ತದೆ. ಪವಾಡ, ಅಷ್ಟೇ. ಕುರ್‌ಆನಿನ 19ನೇ ಅಧ್ಯಾಯಕ್ಕೆ ಬನ್ನಿ. ಇಲ್ಲಿ ಯೋಸೇಫನಿಲ್ಲ, ಗೋದಲಿಯಿಲ್ಲ, ಕುರುಬರಿಲ್ಲ. ಊರು ಬಿಟ್ಟು ದೂರ ಬಂದ ಹೆಣ್ಣೊಬ್ಬಳು ಹೆರಿಗೆ ನೋವಿನಲ್ಲಿ ಮರದ ಬುಡ ಹಿಡಿದು, ಇದಕ್ಕೆ ಮುಂಚೆಯೇ ಸತ್ತಿದ್ದರೆ ಚೆನ್ನಾಗಿತ್ತು, ಯಾರ ನೆನಪಿನಲ್ಲೂ ಉಳಿಯಬಾರದಿತ್ತು ಎಂದು ಹಲುಬುತ್ತಾಳೆ. ಕೆಳಗಿನಿಂದ ದನಿಯೊಂದು ಬರುತ್ತದೆ: ದುಃಖಿಸಬೇಡ, ಕಾಲಬಳಿ ತೊರೆಯಿದೆ, ಮರವನ್ನು ನಿನ್ನತ್ತ ಅಲುಗಿಸು, ಹಣ್ಣು ಉದುರುತ್ತದೆ. ಮರ ತಾನಾಗಿ ಬಾಗುವುದಿಲ್ಲ. ಹೆರುವ ಹೆಂಗಸೇ ಕೈಹಾಕಿ ಅಲುಗಿಸಬೇಕು. ಇಷ್ಟು ನಿಷ್ಠುರವಾದ, ಇಷ್ಟು ಕರುಣೆಯ ಹೆರಿಗೆಯ ಚಿತ್ರ ಮತ್ತಾಯನಲ್ಲೂ ಇಲ್ಲ, ಲೂಕನಲ್ಲೂ ಇಲ್ಲ. ನಕಲು ಮಾಡುವವರು ಹೀಗೆ ಮಾಡುವುದಿಲ್ಲ. ಅಂದಹಾಗೆ ಆ ಲ್ಯಾಟಿನ್ ಪುಸ್ತಕ ಈಗಿನ ರೂಪಕ್ಕೆ ಬಂದದ್ದು ಕುರ್‌ಆನಿಗಿಂತ ಬಹಳ ಮುಂಚೆಯೇನಲ್ಲ.

ಮಗುವನ್ನು ಎತ್ತಿಕೊಂಡು ಬಂದವಳನ್ನು ಊರವರು ಹೀಯಾಳಿಸುತ್ತಾರೆ. ಅವಳು ಮಾತಾಡದೆ ಮಗುವಿನತ್ತ ಕೈತೋರುತ್ತಾಳೆ. ತೊಟ್ಟಿಲ ಕೂಸು ತನ್ನನ್ನು ದೇವರ 'ಅಬ್ದ್' ಎಂದು ಪರಿಚಯಿಸಿಕೊಳ್ಳುತ್ತದೆ. ಅಬ್ದ್ ಎಂದರೆ ದಾಸ. ಪುರಂದರರನ್ನೂ ಕನಕರನ್ನೂ ದಾಸರೆಂದೇ ಕರೆದು ಕೈಮುಗಿಯುವ ಭಾಷೆಯಲ್ಲಿ ನಿಂತು ದಾಸನ ಹಿಂದೆ 'ಬರೀ' ಹಚ್ಚುವ ಧೈರ್ಯ ನಮಗೆ ಎಲ್ಲಿಂದ ಬಂತು?

ಶಿಲುಬೆಯ ವಿಚಾರ ಬೇಗ ಮುಗಿಸುತ್ತೇನೆ. ಅವನನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಅವರಿಗೆ ಹಾಗೆ ತೋರಿತು ಎಂಬ ಅರ್ಥದ ಒಂದೇ ವಾಕ್ಯ 4ನೇ ಅಧ್ಯಾಯದಲ್ಲಿದೆ. ತೋರಿದ್ದು ಹೇಗೆಂದು ವ್ಯಾಖ್ಯಾನಕಾರರು ಶತಮಾನಗಟ್ಟಲೆ ಜಗ್ಗಾಡಿದ್ದಾರೆ. ದೇವರು ಅವನನ್ನು ಮೇಲೆತ್ತಿಕೊಂಡ, ಕಡೆಗಾಲಕ್ಕೆ ಇಳಿದು ಬರುತ್ತಾನೆ ಎಂಬುದು ಬಹುಪಾಲು ಮುಸ್ಲಿಮರ ನಂಬಿಕೆ. ಡಮಾಸ್ಕಸ್ಸಿನ ಉಮಯ್ಯದ್ ಮಸೀದಿಯ ಒಂದು ಮಿನಾರಿಗೆ ಈಸಾನ ಹೆಸರೇ ಇದೆ.

ನನ್ನ ಮನಸ್ಸಿರುವುದು ಬೇರೆ ಕಡೆ, ಗಝಾಲಿಯ ಈಸಾನಲ್ಲಿ. ಬಗ್ದಾದಿನ ನಿಝಾಮಿಯಾ ಮದರಸಾದಲ್ಲಿ ನೂರಾರು ಶಿಷ್ಯರಿದ್ದ ಈ ಮಹಾಪಂಡಿತನಿಗೆ ಒಂದು ದಿನ ಪಾಠ ಹೇಳಲು ನಾಲಿಗೆಯೇ ಏಳಲಿಲ್ಲ. 1095ರಲ್ಲಿ ಹುದ್ದೆ ಬಿಟ್ಟ. ಡಮಾಸ್ಕಸ್ಸಿನ ಅದೇ ಮಸೀದಿಯ ಮಿನಾರೊಂದನ್ನು ಹತ್ತಿ ಬಾಗಿಲು ಹಾಕಿಕೊಂಡು ಕೂತ; ಆಮೇಲೆ ಜೆರುಸಲೇಮಿನ ಬಂಡೆಯ ಗುಮ್ಮಟದೊಳಗೆ. 691–92ರ ಆ ಗುಮ್ಮಟದ ಒಳಸುತ್ತಿನ ಬರಹದಲ್ಲಿ ಮರ್ಯಮಳ ಮಗ ಈಸಾನ ಹೆಸರಿದೆ. ಆ ಅಲೆದಾಟದ ವರ್ಷಗಳ ಫಲ 'ಇಹ್ಯಾ ಉಲೂಮುದ್ದೀನ್' ಎಂಬ ಗ್ರಂಥ. ಅದರಲ್ಲಿ ಈಸಾ ಪುಟಪುಟಕ್ಕೂ ಎದುರಾಗುತ್ತಾನೆ.

ಅಲ್ಲಿನ ಈಸಾನ ಬಳಿ ಇದ್ದದ್ದು ಎರಡೇ ವಸ್ತು: ಒಂದು ಹಣಿಗೆ, ಒಂದು ಹೂಜಿ. ಯಾರೋ ಬೆರಳಲ್ಲೇ ಗಡ್ಡ ಬಾಚಿಕೊಳ್ಳುವುದನ್ನು ಕಂಡ, ಹಣಿಗೆ ಎಸೆದ. ಇನ್ಯಾರೋ ಬೊಗಸೆಯಲ್ಲಿ ನೀರು ಕುಡಿಯುವುದನ್ನು ಕಂಡ, ಹೂಜಿಯೂ ಹೋಯಿತು. ಇನ್ನೊಂದು ಕತೆಯಲ್ಲಿ ಸತ್ತ ನಾಯಿಯ ನಾತಕ್ಕೆ ಶಿಷ್ಯರು ಮೂಗು ಮುಚ್ಚಿಕೊಂಡರೆ, ಇವನು ಅದರ ಹಲ್ಲು ಎಷ್ಟು ಬಿಳುಪು ಎನ್ನುತ್ತಾನೆ. ಮೂರನೆಯದನ್ನು ಗಝಾಲಿಗಿಂತ ಮುನ್ನೂರು ವರ್ಷ ಹಿಂದೆಯೇ ಇಮಾಮ್ ಮಾಲಿಕ್ ತನ್ನ 'ಮುವತ್ತಾ'ದಲ್ಲಿ ದಾಖಲಿಸಿದ್ದ: ದಾರಿಗೆ ಅಡ್ಡ ಬಂದ ಹಂದಿಗೆ ಈಸಾ ಶಾಂತಿಯಿಂದ ಹೋಗೆಂದು ಹರಸುತ್ತಾನೆ. ಹಂದಿಗೂ ಹೀಗೆ ಹೇಳುವುದೇ ಎಂದು ಕೇಳಿದಾಗ, ನಾಲಿಗೆಗೆ ಕೆಟ್ಟ ಮಾತಿನ ರೂಢಿ ಆಗಬಾರದಲ್ಲ ಎನ್ನುತ್ತಾನೆ. ಹಂದಿಯನ್ನು ಹರಾಮೆನ್ನುವ ಸಮುದಾಯ ಈ ಕತೆಯನ್ನು ಸಾವಿರದ ಇನ್ನೂರು ವರ್ಷ ಕಾಪಾಡಿಕೊಂಡು ಬಂದಿದೆ. ಪ್ಯಾಲೆಸ್ತೀನಿ ಇತಿಹಾಸಕಾರ ತಾರಿಫ್ ಖಾಲಿದಿ 2001ರಲ್ಲಿ ಇಂಥ 303 ಮಾತು-ಕತೆಗಳನ್ನು ಒಂದೆಡೆ ತಂದ. ಗ್ರೀಕ್ ತತ್ತ್ವಜ್ಞಾನಿ ಡಯೋಜೆನಿಸನೂ ಬಟ್ಟಲು ಎಸೆದಿದ್ದನಲ್ಲ ಎಂದು ಪಂಡಿತರು ಇಲ್ಲೂ ಪಂಚನಾಮೆ ಬರೆಯಬಹುದು. ಬರೆಯಲಿ. ಹಣಿಗೆ ಎಸೆದವನು ನನಗೆ ಸಾಕು.

ಈ ಈಸಾನನ್ನು ಮರೆಸಿದವರು ಕ್ರೈಸ್ತರಷ್ಟೇ ಅಲ್ಲ, ಮುಸ್ಲಿಂ ವಾದಪಟುಗಳೂ ಹೌದು. 1854ರಲ್ಲಿ ಆಗ್ರಾದಲ್ಲಿ ಮೌಲಾನಾ ರಹಮತುಲ್ಲಾ ಕೈರಾನವಿಗೂ ಪಾದ್ರಿ ಪ್ಫಾಂಡರನಿಗೂ ಬಹಿರಂಗ ವಾದ ನಡೆಯಿತು. ಮಂಗಳೂರಿಗೆ ಹೆಂಚು, ಅಚ್ಚುಮೊಳೆ ತಂದ ಬಾಸೆಲ್ ಮಿಷನ್ನಿನಲ್ಲೇ ಪಳಗಿದವನು ಈ ಪ್ಫಾಂಡರ್. ಮೌಲಾನಾ ಗೆದ್ದರೆಂದೇ ಹಲವರು ಬರೆದರು. ಈಸಾ ಮಾತ್ರ ಸೋತ. ಅಂದಿನಿಂದ ಅವನು ವಾದದ ಸರಕಾದ. ವಾದಪಟು ಅಹ್ಮದ್ ದೀದಾತರ ವಿಡಿಯೊಗಳು ಇದೇ ಅಂಗಡಿಯ ಮುಂದಿನ ಮಳಿಗೆ. ಅವುಗಳಿಂದ ಕಲಿತವರು ಕೈಗೆತ್ತಿಕೊಳ್ಳುವ ಬಾರ್ನಬನ ಸುವಾರ್ತೆಯಂತೂ ನಗು ತರಿಸುತ್ತದೆ. ಯೂರೋಪಿನಲ್ಲಿ ತೀರಾ ತಡವಾಗಿ ಹುಟ್ಟಿದ ಆ ಪುಸ್ತಕದಲ್ಲಿ ಯೇಸು ತಾನು ಮಸೀಹನಲ್ಲ (ಮೆಸ್ಸೀಯನಲ್ಲ) ಎನ್ನುತ್ತಾನೆ. ಕುರ್‌ಆನ್ ಅವನನ್ನು ಹನ್ನೊಂದು ಸಲ ಮಸೀಹ ಎಂದು ಕರೆದಿದೆ! ಎದುರಾಳಿಯ ಬಾಯಿ ಮುಚ್ಚಿಸುವ ಆತುರದಲ್ಲಿ ತಮ್ಮ ಗ್ರಂಥವನ್ನೇ ಮರೆತವರಿಗೆ ಏನು ಹೇಳುವುದು?

ನಮ್ಮ ರುಚಿಯದೂ ತಪ್ಪಿದೆ. ಗೋವಿಂದ ಪೈಗಳ 'ಗೊಲ್ಗೊಥಾ' ಓದಿ ಬೆಳೆದ ನಮಗೆ ರಕ್ತ ಸುರಿಯದ ಯೇಸು ಸಪ್ಪೆಯೆನಿಸುತ್ತಾನೆ. ನಾನು ಗೊಲ್ಗೊಥಾದ ವಿರೋಧಿಯಲ್ಲ, ಅದರ ಸಾಲುಗಳು ಇವತ್ತಿಗೂ ಬಾಯಲ್ಲಿವೆ. ಆದರೆ ನರಳಿದವನೇ ದೊಡ್ಡವನು, ನೋವಿಲ್ಲದಿದ್ದರೆ ಮಹಾಕಾವ್ಯವಿಲ್ಲ ಎಂಬ ಚಟ ನಮ್ಮ ವಿಮರ್ಶೆಗೆ ಹೇಗೋ ಅಂಟಿದೆ. ಸತ್ತ ನಾಯಿಯ ಹಲ್ಲನ್ನು ಮೆಚ್ಚುವ ಕಣ್ಣಿಗೆ ಅಲ್ಲಿ ಅಂಕವಿಲ್ಲ. ವೇದಿಕೆಯ ಸೌಹಾರ್ದದ ಕತೆಯೂ ಅಷ್ಟೇ. ಇನ್ನೊಬ್ಬರ ನಂಬಿಕೆಯಲ್ಲಿ ನಮ್ಮದಕ್ಕೆ ಹೋಲುವಷ್ಟನ್ನು ಕತ್ತರಿಸಿಕೊಂಡು ಉಳಿದದ್ದನ್ನು 'ಬರೀ' ಎನ್ನುತ್ತೇವೆ, ಆಮೇಲೆ ಶಾಲು ಹೊದಿಸುತ್ತೇವೆ.

ಮುಂದಿನ ಸಭೆಗೆ ಹೋಗುವ ಭಾಷಣಕಾರರಲ್ಲಿ ಒಂದು ಬೇಡಿಕೆ. ಕುರ್‌ಆನಿನ ಕನ್ನಡ ಅನುವಾದಗಳು ಸುಲಭವಾಗಿ ಸಿಗುತ್ತವೆ. 'ಮರ್ಯಮ್' ಅಧ್ಯಾಯದಲ್ಲಿರುವುದು 98 ವಾಕ್ಯ. 16ರಿಂದ 36ರವರೆಗೆ ಓದಿಕೊಂಡು ಬನ್ನಿ, ಹತ್ತು ನಿಮಿಷ ಸಾಕು.