ಕ್ಷಮಿಸುವುದೂ ಮನ್ನಿಸುವುದೂ: ಕನ್ನಡ ಕ್ರೈಸ್ತ ವಾಙ್ಮಯದ ಎರಡು ಶಬ್ದಗಳು

ತುಂಗಭದ್ರೆಯ ದಡದಲ್ಲಿರುವ ಹರಿಹರವು, ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರಾಲಯದಿಂದ ಪ್ರಸಿದ್ಧವಾದುದು. ಅದೇ ಊರಿನಲ್ಲಿ ಆರೋಗ್ಯಮಾತೆಯ ಕ್ರೈಸ್ತ ದೇವಾಲಯವೂ ಉಂಟು. ಸೆಪ್ಟೆಂಬರ್ 8ರ ಉತ್ಸವಕ್ಕೆ ದಾವಣಗೆರೆಯ ಕಡೆಯಿಂದಲೂ ದೂರದ ಊರುಗಳಿಂದಲೂ ಜನರು ಹರಕೆ ಹೊತ್ತು ಬರುವರು. ದೈವಕ್ಕೆ ಲೋಪವೆಸಗಿದವನು ತಪ್ಪುಕಾಣಿಕೆ ಸಲ್ಲಿಸಿ ನಿರಾಳನಾಗುವ ರೂಢಿ ಕನ್ನಡ ನಾಡಿನಲ್ಲಿ ಬಹು ಹಳೆಯದು. ತಪ್ಪಿಗೆ ತಪ್ಪಿದವನೇ ತೆರಬೇಕು ಎಂಬುದು ಅದರ ತಿರುಳು. ಇಂತಹ ನೆಲಕ್ಕೆ ಬಂದ ಕ್ರೈಸ್ತಶಾಸ್ತ್ರವು ತನ್ನ ಮುಖ್ಯ ಬೋಧೆಯಾದ ಪಾಪವಿಮೋಚನೆಯನ್ನು ಯಾವ ಶಬ್ದದಿಂದ ಹೇಳಿತು, ಆ ಶಬ್ದವು ಹೊತ್ತ ಭಾರವೆಷ್ಟು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಒಂದು ಶಬ್ದದ ಅನುವಾದವು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಯೂರೋಪಿನ ಚರಿತ್ರೆಯೇ ಸಾಕ್ಷಿ. ಗ್ರೀಕಿನ ‘ಮೆತನೋಯ’ ಎಂದರೆ ಮನಸ್ಸಿನ ಮಾರ್ಪಾಟು. ಲ್ಯಾಟಿನ್ ಬೈಬಲಿನಲ್ಲಿ ಅದು ಪ್ರಾಯಶ್ಚಿತ್ತ ಮಾಡುವುದೆಂಬ ಅರ್ಥಕ್ಕೂ ಎಡೆಗೊಟ್ಟಿತು. 1516ರಲ್ಲಿ ಗ್ರೀಕ್ ಮೂಲವನ್ನು ಅಚ್ಚು ಹಾಕಿಸಿದ ಎರಾಸ್ಮಸನು ಈ ಅರ್ಥವನ್ನು ಪ್ರಶ್ನಿಸಿದನು. 1517ರಲ್ಲಿ ಲೂಥರನು ಪ್ರಕಟಿಸಿದ 95 ವಾದಗಳಲ್ಲಿ ಮೊದಲನೆಯದು ಇದೇ ಶಬ್ದವನ್ನು ಕುರಿತದ್ದು. 1551ರಲ್ಲಿ ಟ್ರೆಂಟ್ ಸಭೆಯು ಪಶ್ಚಾತ್ತಾಪ, ಪಾಪನಿವೇದನೆ, ಪರಿಹಾರಕೃತ್ಯ ಎಂಬ ಮೂರನ್ನೂ ಒಟ್ಟಿಗೆ ಎತ್ತಿಹಿಡಿಯಿತು. ಬಳ್ಳಾರಿಯಲ್ಲಿ ಬೈಬಲನ್ನು ಕನ್ನಡಿಸಿದ ಜಾನ್ ಹ್ಯಾಂಡ್ಸ್ ಆಗಲಿ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರಾಗಲಿ, ಅವರಿಗಿಂತ ಪೂರ್ವದಲ್ಲಿಯೇ ನಾಡಿನಲ್ಲಿ ನೆಲೆಸಿದ್ದ ಕಥೋಲಿಕರಾಗಲಿ ಈ ಜಿಜ್ಞಾಸೆಯ ಉತ್ತರಾಧಿಕಾರಿಗಳೇ.

ಕನ್ನಡದಲ್ಲಿ ತೊಡಕು ಇಮ್ಮಡಿಯಾದುದು. ‘ಪ್ರಾಯಶ್ಚಿತ್ತ’ವು ಧರ್ಮಶಾಸ್ತ್ರದ ಸಿದ್ಧಶಬ್ದ, ಕರ್ತನು ಮಾಡತಕ್ಕ ಕರ್ಮವನ್ನು ಅದು ಮುಂದಿಡುವುದು. ಸುವಾರ್ತೆಯಲ್ಲಿಯಾದರೋ ತೆರುವವನು ತಪ್ಪಿದವನಲ್ಲ, ಕ್ಷಮಿಸುವವನು. ಕ್ಷಮೆಗೆ ಗ್ರೀಕಿನಲ್ಲಿರುವ ಸಾಮಾನ್ಯ ಕ್ರಿಯಾಪದದ ಅರ್ಥ ಬಿಟ್ಟುಬಿಡುವುದು, ಸಾಲವನ್ನು ಬಿಟ್ಟುಕೊಡುವಂತೆ. ಇಲ್ಲಿ ‘ಕ್ಷಮಿಸು’ ಎಂಬ ಶಬ್ದವನ್ನು ಆರಿಸಿಕೊಂಡುದು ಉಚಿತವೇ ಆಯಿತು. ‘ಕ್ಷಮ್’ ಧಾತುವಿಗೆ ಸಹಿಸು, ತಾಳು ಎಂದರ್ಥ. ಎಲ್ಲವನ್ನೂ ಹೊತ್ತಿರುವ ಭೂಮಿಗೆ ಕ್ಷಮೆಯೆಂದೇ ಹೆಸರು. ಗ್ರೀಕ್ ಶಬ್ದವು ಹೇಳದೆ ಉಳಿಸಿದುದನ್ನು ಈ ಶಬ್ದವು ಹೇಳುತ್ತದೆ: ಬಿಟ್ಟುಕೊಟ್ಟ ಸಾಲವು ಮಾಯವಾಗುವುದಿಲ್ಲ, ಬಿಟ್ಟವನ ತಲೆಯ ಮೇಲೆ ಬರುವುದು. ಶಿಲುಬೆಯ ತತ್ತ್ವವೂ ಇದೇ.

ಆದರೆ ಸಹನೆಯೊಂದರಿಂದಲೇ ಉದ್ಧಾರವು ಪೂರ್ಣವಾಗುವುದಿಲ್ಲ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಕಥೆಯಲ್ಲಿ, ಆಸ್ತಿಯನ್ನು ಹಾಳುಮಾಡಿಕೊಂಡ ಮಗನು ಮರಳುವ ಮುನ್ನ ತಂದೆಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿಯೇ ಹೊಂದಿಸಿಕೊಳ್ಳುವನು: ಪಾಪ ಮಾಡಿದೆನು, ಮಗನೆನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳನ್ನಾಗಿ ಇಟ್ಟುಕೋ. ಕೊನೆಯ ಮಾತು ಅವನ ತಪ್ಪುಕಾಣಿಕೆ. ತಂದೆಯ ಎದುರಿಗೆ ನಿಂತಾಗ, ಸಾಮಾನ್ಯವಾಗಿ ಅಂಗೀಕೃತವಾದ ಪಾಠದಲ್ಲಿ, ಆ ಮಾತೇ ಬರುವುದಿಲ್ಲ. ಅಷ್ಟರಲ್ಲಿ ತಂದೆಯು ನಿಲುವಂಗಿ, ಉಂಗುರ, ಜೋಡುಗಳನ್ನು ತರಿಸುವನು. ಇದು ತಾಳಿಕೊಂಡುದಲ್ಲ, ಮನ್ನಣೆಯಿತ್ತುದು. ಹಳಗನ್ನಡದ ‘ಮನ್ನಿಸು’ ಎಂಬುದಕ್ಕೆ ಗೌರವಿಸು ಎಂಬುದೇ ಮೂಲಾರ್ಥ. ಅಪರಾಧವನ್ನು ಕ್ಷಮಿಸು ಎಂಬ ಅರ್ಥವು ಅದಕ್ಕೆ ಸೇರಿಕೊಂಡುದು. ಒಂದೇ ಕ್ರಿಯಾಪದವು ಮಾನಕೊಡುವುದನ್ನೂ ತಪ್ಪು ಬಿಡುವುದನ್ನೂ ಹೇಳುವ ಈ ಭಾಗ್ಯ ಎಲ್ಲ ಭಾಷೆಗಳಿಗೂ ಇಲ್ಲ.

ವ್ಯುತ್ಪತ್ತಿಯು ಬಳಕೆಯನ್ನು ಆಳುವುದಿಲ್ಲವೆಂಬ ಆಕ್ಷೇಪವು ಸಾಧುವಾದುದೇ. ಆದರೆ ‘ಮನ್ನಣೆ’ಯು ಸತ್ತ ಶಬ್ದವಲ್ಲ, ಕೇಳುವವರ ಕಿವಿಗೆ ಅದರ ನೆರಳು ಇಂದಿಗೂ ಬೀಳುವುದು. ಹೀಗಿರಲು ಕ್ರೈಸ್ತ ಗದ್ಯದಲ್ಲಿ ಈ ಎರಡನ್ನೂ ಬರಿಯ ಪರ್ಯಾಯಪದಗಳೆಂದು ಬಳಸುವುದು, ಇಲ್ಲವೆ ‘ಕ್ಷಮಿಸು’ ಎಂಬುದೊಂದನ್ನೇ ಎಲ್ಲೆಡೆಯೂ ನಿಲ್ಲಿಸುವುದು, ಭಾಷೆಯು ಕೊಟ್ಟುದನ್ನು ಕೈಬಿಟ್ಟಂತೆ.

ಮತ್ತಾಯನ 18ನೆಯ ಅಧ್ಯಾಯದ ಸೇವಕನು ಇದಕ್ಕೆ ವಿಲೋಮ ನಿದರ್ಶನ. ಅವನಿಗೆ ಬಿಟ್ಟ ಸಾಲ 10,000 ತಲಾಂತು. ತಲಾಂತಿಗೆ 6,000 ದಿನಾರಿಯಂತೆ ಅದು 6 ಕೋಟಿ ದಿನಾರಿ. ದಿನಾರಿಯೊಂದು ಆಳಿನ ದಿನಗೂಲಿ. ಅವನಾದರೋ 100 ದಿನಾರಿಗಾಗಿ ಜೊತೆಗಾರನ ಕುತ್ತಿಗೆ ಹಿಡಿದನು. ಅವನ ಸಾಲವು ಮನ್ನಾ ಆಯಿತೇ ಹೊರತು, ತಾನು ಮನ್ನಣೆ ಪಡೆದೆನೆಂಬ ಅರಿವು ಅವನಿಗೆ ಹುಟ್ಟಲಿಲ್ಲ. ಲೆಕ್ಕವು ಚುಕ್ತವಾದ ಮಾತ್ರಕ್ಕೆ ಮನಸ್ಸು ತಿರುಗಬೇಕೆಂದಿಲ್ಲ.

ಕಾಣಿಕೆಯನ್ನು ಹಿಡಿದು ಹರಿಹರದ ಗುಡಿಯ ಮುಂದೆ ನಿಂತವನಿಗೆ ಈ ಶಾಸ್ತ್ರವು ಹೇಳಬೇಕಾದುದು ಎರಡು ಮಾತು: ನಿನ್ನ ಭಾರವನ್ನು ಬೇರೊಬ್ಬನು ಹೊತ್ತನು, ನೀನು ಆಳಲ್ಲ, ಮಗನು. ಮೊದಲನೆಯದಕ್ಕೆ ‘ಕ್ಷಮಿಸು’, ಎರಡನೆಯದಕ್ಕೆ ‘ಮನ್ನಿಸು’. ಎರಡೂ ಶಬ್ದಗಳು ಕನ್ನಡದಲ್ಲಿ ಸಿದ್ಧವಾಗಿಯೇ ಇವೆ. ಅವನ್ನು ವಿವೇಕದಿಂದ ವಿಂಗಡಿಸಿ ಬಳಸುವುದು ಮುಂದಿನ ಅನುವಾದಕರ ಹೊಣೆ.