ಅರ್ಥ ಕೇಳುವ ಮುನ್ನ

“ಇದರ ಅರ್ಥವೇನು?” ಹುಬ್ಬಳ್ಳಿ-ಧಾರವಾಡದ ಚಿತ್ರಪ್ರದರ್ಶನಗಳಲ್ಲಿ ನಾವು ಮೊದಲು ಕೇಳುವ ಪ್ರಶ್ನೆ ಇದು. ಮನುಷ್ಯನ ಹೆಗಲಲ್ಲಿ ಕೊಂಬೆ ಚಿಗುರಿದ್ದರೆ, ಎಲೆಗಳ ನಡುವೆ ಮುಖವೊಂದು ಇಣುಕಿದ್ದರೆ ನಮಗೆ ಇರುಸುಮುರುಸು. ಪ್ರಿಯ ಓದುಗರೇ, ಇದೇ ಊರಿನ ವರಕವಿಗೆ ನಾವು ಈ ಪ್ರಶ್ನೆ ಹಾಕಲಿಲ್ಲ. 1964ರಲ್ಲಿ ಪ್ರಕಟವಾದ ಬೇಂದ್ರೆಯವರ ‘ನಾಕುತಂತಿ’ ನಮ್ಮಲ್ಲಿ ಎಷ್ಟು ಜನರಿಗೆ ಸಾಲುಸಾಲಾಗಿ ತಿಳಿದಿದೆ? ಆದರೂ ಕೇಳಿ ತಲೆದೂಗುತ್ತೇವೆ. ಕಿವಿಗೆ ಕೊಟ್ಟ ಈ ಸಲಿಗೆಯನ್ನು ಕಣ್ಣಿಗೇಕೆ ಕೊಡಬಾರದು?

ಕಲಾವಿದ ಎಸ್. ಜಿ. ವಾಸುದೇವ್ ಅವರನ್ನೇ ನೋಡಿ. 1941ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರು ಮದ್ರಾಸಿನಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಅವರ ಶಿಷ್ಯರಾಗಿದ್ದರು. 1966ರಲ್ಲಿ ಆರಂಭವಾದ ಚೋಳಮಂಡಲ ಕಲಾಗ್ರಾಮದ ಸ್ಥಾಪಕರಲ್ಲಿ ಒಬ್ಬರು. ಅವರ ‘ವೃಕ್ಷ’ ಸರಣಿಗೆ ಪ್ರೇರಣೆ ಬೇಂದ್ರೆಯವರ ಕಲ್ಪವೃಕ್ಷ ವೃಂದಾವನದ ಕವಿತೆ. ಧಾರವಾಡದ ನುಡಿಯೊಂದು ಹೀಗೆ ಮರವಾಗಿ ಬೆಳೆಯಿತು. ಆ ಮರದಲ್ಲಿ ಹಕ್ಕಿ, ಮೃಗ, ಗಂಡು, ಹೆಣ್ಣು ಎಲ್ಲವೂ ಒಂದೇ ಹಸುರಿನಲ್ಲಿ ಹೆಣೆದುಕೊಂಡಿವೆ. ಎಲೆ ಎಲ್ಲಿ ಮುಗಿದು ರೆಕ್ಕೆ ಎಲ್ಲಿ ತೊಡಗಿತೆಂದು ಹೇಳುವುದು ಕಷ್ಟ.

ಇದನ್ನು ಪಾಶ್ಚಾತ್ಯರ ಅನುಕರಣೆ ಎನ್ನುವವರಿದ್ದಾರೆ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಬ್ರೆತಾನ್ ಪ್ರಣಾಳಿಕೆ ಹೊರಡಿಸಿದ ಅತಿವಾಸ್ತವವಾದ ಸುಪ್ತಮನಸ್ಸಿನ ಕತ್ತಲೆಯನ್ನು ಕೆದಕಲು ಹೊರಟದ್ದು. ವಾಸುದೇವ್ ಅವರ ಕನಸು ಬೇರೆ. ಅದು ನಮ್ಮ ಮನೆಯ ಪೆಟ್ಟಿಗೆಯಲ್ಲಿಯೇ ಇದೆ. ಅಜ್ಜಿಯ ಇಳಕಲ್ ಸೀರೆಯನ್ನು ಬಿಡಿಸಿ ನೋಡಿ. ಕಸೂತಿಯ ಆನೆ, ಗಿಳಿ, ತೇರು, ತುಳಸಿಕಟ್ಟೆ ಒಂದೇ ಸೆರಗಿನಲ್ಲಿವೆ. ಗಿಳಿಗಿಂತ ಆನೆ ಅಷ್ಟೇನೂ ದೊಡ್ಡದಲ್ಲ. ಎಳೆ ಎಣಿಸಿ ಹೊಲಿದ ಆಕೆಯನ್ನು ಯಾರೂ ಅರ್ಥ ಕೇಳಲಿಲ್ಲ. (ಯೆಜೆಕಿಯೇಲ್ ಪ್ರವಾದಿ ಕಂಡ, ಸುತ್ತಲೂ ಕಣ್ಣುಗಳೇ ತುಂಬಿದ ಚಕ್ರಗಳನ್ನು ಭಕ್ತಿಯಿಂದ ಓದುವ ನಾವು, ಅವನ್ನೇ ಇಂದಿನ ಚಿತ್ರಕಾರನು ಬಿಡಿಸಿದರೆ ಹುಬ್ಬೇರಿಸುತ್ತೇವೆ.)

ಆದರೂ ನನ್ನದೊಂದು ತಕರಾರುಂಟು. ಕನಸಿನಲ್ಲಿ ಸೊಗಸಿನಂತೆ ದಿಗಿಲೂ ಇರುತ್ತದೆ. ‘ವೃಕ್ಷ’ದ ಕೆಲವು ಚಿತ್ರಗಳು ಆ ದಿಗಿಲನ್ನು ಮರೆತು ಅಲಂಕಾರಕ್ಕೆ ಒಲಿಯುತ್ತವೆ, ಗೋಡೆಗೆ ಚೆಂದ, ನಿದ್ದೆ ಕೆಡಿಸವು. ‘ಬದುಕಿನ ರಂಗಭೂಮಿ’ ಎಂಬ ಅವರ ನಂತರದ ಸರಣಿಯಲ್ಲಿ ಮಾತ್ರ ಮುಖಗಳು ಗುಂಪಾಗಿ ಬಂದು ನಿಲ್ಲುತ್ತವೆ. ಯಾವುದು ಮುಖ, ಯಾವುದು ಮುಖವಾಡ ಎಂಬುದು ತಿಳಿಯುವುದಿಲ್ಲ. ಮರದ ಮುಂದೆ ನಾನು ಹಾಯಾಗಿ ನಿಂತೆ. ಈ ಮುಖಗಳ ಮುಂದೆ ನಿಂತಾಗ, ಅವು ನೋಡುತ್ತಿರುವುದು ನನ್ನನ್ನೇ ಎನಿಸಿ, ಕೈ ತಾನಾಗಿ ಕೆನ್ನೆಯ ಮೇಲೆ ಹೋಯಿತು.