ಸ್ವಾರಗೇಟ್‌ನಿಂದ ಕಾತ್ರಜ್‌ಗೆ: ಒಂದು ಮಂಜೂರಾತಿಯ ವ್ಯಾಖ್ಯಾನ

2024ರ ಆಗಸ್ಟ್ 16ರ ಕೇಂದ್ರ ಸಂಪುಟ ಸಭೆ ಎಂದರೆ ಕನ್ನಡಿಗರಿಗೆ ನೆನಪಾಗುವುದು ಬೆಂಗಳೂರು ಮೆಟ್ರೊದ ಮೂರನೇ ಹಂತ. ಪುಣೆಯ ಸ್ವಾರಗೇಟ್–ಕಾತ್ರಜ್ ಸುರಂಗ ಮಾರ್ಗಕ್ಕೂ ಒಪ್ಪಿಗೆ ಸಿಕ್ಕಿದ್ದು ಅಂದೇ. ಆ ಮಂಜೂರಾತಿಯ ಮುಖ್ಯ ಸಾಲುಗಳನ್ನು ನನ್ನ ಮಾತಿನಲ್ಲಿ ಇಳಿಸಿ, ಒಂದೊಂದಾಗಿ ಬಿಡಿಸುತ್ತೇನೆ.

ಪಿಂಪ್ರಿ-ಚಿಂಚವಾಡ–ಸ್ವಾರಗೇಟ್ ಮಾರ್ಗವನ್ನು ಕಾತ್ರಜ್‌ವರೆಗೆ ವಿಸ್ತರಿಸುವುದು.
ಬೆಳಗಾವಿ, ಹುಬ್ಬಳ್ಳಿ ಕಡೆಯ ಬಸ್ಸಿನಲ್ಲಿ ಪುಣೆಗೆ ಹೋದವರಿಗೆ ಈ ಎರಡು ಹೆಸರೂ ಗೊತ್ತು. ಕಾತ್ರಜ್ ಬಂತೆಂದರೆ ಊರು ಬಂತು. ಆಮೇಲೆ ಸ್ವಾರಗೇಟ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ತಾಳ್ಮೆ ತೀರಿರುತ್ತದೆ. ಇವೆರಡರ ನಡುವಿನ ಸಾತಾರಾ ರಸ್ತೆಯಲ್ಲೇ 2006ರಲ್ಲಿ ದೇಶದ ಮೊದಲ ಬಿಆರ್‌ಟಿ ಬಸ್ ಪಥದ ಪ್ರಯೋಗ ನಡೆದದ್ದು. ಜನ ಇದ್ದಾರೆಯೇ ಎಂಬ ಪ್ರಶ್ನೆಗೆ ಆ ರಸ್ತೆಯೇ ಉತ್ತರ.

ಉದ್ದ 5.46 ಕಿ.ಮೀ., ಪೂರ್ತಿ ನೆಲದಡಿ.
ಫ್ಲೈಓವರ್, ಬಸ್ ಪಥ, ಅಂಗಡಿ ಸಾಲು ಎಲ್ಲವನ್ನೂ ಹೊತ್ತ ರಸ್ತೆಯ ಮೇಲೆ ಇನ್ನೊಂದು ಕಂಬದ ಸಾಲಿಗೆ ಎಡೆಯಿಲ್ಲ. ಕೆಳಗಿರುವುದು ದಖ್ಖನ್ನಿನ ಕಪ್ಪು ಬಸಾಲ್ಟ್. ಗಟ್ಟಿ ಕಲ್ಲು, ಆದರೆ ಯಂತ್ರಗಳು ಇದೇ ಊರಿನಲ್ಲಿ ಅದನ್ನು ಕೊರೆದು ಮುಠಾ ನದಿಯಡಿಯೂ ದಾಟಿವೆ. ಅಂದಹಾಗೆ ಈ ದಿಕ್ಕಿನಲ್ಲಿ ನೆಲದಡಿ ದಾರಿ ಹೊಸದಲ್ಲ. ಹದಿನೆಂಟನೇ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜ್ ಕೆರೆಯಿಂದ ಶನಿವಾರವಾಡೆ ಅರಮನೆಯ ಕಡೆಗೆ ನೆಲದೊಳಗಿನ ಕಾಲುವೆಯಲ್ಲಿ ನೀರು ತರಿಸಿದ್ದ. ಪಂಪಿಲ್ಲದೆ ಹರಿಯಿತು, ಏಕೆಂದರೆ ಕಾತ್ರಜ್ ಎತ್ತರದಲ್ಲಿದೆ. ನೀರಿಗೆ ಅನುಕೂಲವಾದ ಆ ಇಳಿಜಾರೇ ರೈಲಿಗೆ ಏರು. ಮೆಟ್ರೊ ಹಳಿಯ ಏರನ್ನು ಸಾಮಾನ್ಯವಾಗಿ ನೂರು ಮೀಟರಿಗೆ ನಾಲ್ಕು ಮೀಟರಿನೊಳಗೆ ಹಿಡಿಯುತ್ತಾರೆ. ನಿಲ್ದಾಣವಂತೂ ಹೆಚ್ಚುಕಡಿಮೆ ಮಟ್ಟಸವಾಗಿರಲೇಬೇಕು. ಮೇಲಿನ ನೆಲ ಅದಕ್ಕಿಂತ ಬೇಗ ಏರಿದಲ್ಲೆಲ್ಲ ಹಳಿ ಇನ್ನಷ್ಟು ಆಳದಲ್ಲಿ ಉಳಿಯುತ್ತದೆ, ಎಸ್ಕಲೇಟರ್ ಉದ್ದವಾಗುತ್ತದೆ.

ನಿಲ್ದಾಣಗಳು ಮೂರು.
ಇಡೀ ಮಂಜೂರಾತಿಯಲ್ಲಿ ಅತಿ ಚಿಕ್ಕ ಸಾಲು ಇದು. ನನ್ನ ತಕರಾರೂ ಇಲ್ಲಿಯೇ. ಐದೂವರೆ ಕಿಲೋಮೀಟರಿಗೆ ಮೂರು ಎಂದರೆ ಸರಾಸರಿ 1.8 ಕಿ.ಮೀ.ಗೊಂದು. ಬೆಂಗಳೂರಿನ ಗುಲಾಬಿ ಮಾರ್ಗದ ಸುರಂಗದಲ್ಲಿ 13.76 ಕಿ.ಮೀ.ಗೆ 12 ನಿಲ್ದಾಣಗಳಿವೆ. ನೆಲದಡಿಯ ಕೆಲಸದಲ್ಲಿ ದುಡ್ಡು ತಿನ್ನುವುದು ಕೊಳವೆಗಿಂತ ಹೆಚ್ಚಾಗಿ ನಿಲ್ದಾಣದ ಗುಂಡಿ. ಅದಕ್ಕೇ ವೆಚ್ಚ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೆ. ಆದರೆ ದಾರಿಯ ನಡುವಿನ ಬಾಲಾಜಿನಗರದವನು ಬಿಸಿಲಲ್ಲಿ ಒಂದು ಕಿಲೋಮೀಟರ್ ನಡೆದು, ಆಳಕ್ಕಿಳಿದು, ಮತ್ತೆ ಹತ್ತುವುದಕ್ಕಿಂತ ಸ್ಕೂಟರಿಗೆ ಕೀಲಿ ಹಾಕುವುದೇ ಹೆಚ್ಚು. ಬಾಗಿಲಿಲ್ಲದ ಕಡೆ ರೈಲು ಓಡಿದರೇನು, ಓಡದಿದ್ದರೇನು? ಸ್ಥಳೀಯರ ಒತ್ತಾಯದ ನಂತರ 2025ರಲ್ಲಿ ರಾಜ್ಯ ಸಂಪುಟ ಬಾಲಾಜಿನಗರ, ಬಿಬ್ವೇವಾಡಿಗಳಿಗೆ ನಿಲ್ದಾಣ ಸೇರಿಸಿತು. ಐದಾದರೆ ಅಂತರ ಬೆಂಗಳೂರಿನ ಲೆಕ್ಕಕ್ಕೆ ಹತ್ತಿರವಾಗುತ್ತದೆ. ಇದು ಮೊದಲ ಯೋಜನಾ ವರದಿಯಲ್ಲೇ ಇರಬೇಕಿತ್ತು.

ವೆಚ್ಚ ₹2,954.53 ಕೋಟಿ.
ಕಿಲೋಮೀಟರಿಗೆ ಸುಮಾರು ₹541 ಕೋಟಿ. ಅದೇ ದಿನ ಒಪ್ಪಿದ ಬೆಂಗಳೂರಿನ ಮೂರನೇ ಹಂತ ಕಂಬದ ಮೇಲಿನದು, 44.65 ಕಿ.ಮೀ.ಗೆ ₹15,611 ಕೋಟಿ, ಅಂದರೆ ಕಿಲೋಮೀಟರಿಗೆ ₹350 ಕೋಟಿ. ಇಂಥ ವೆಚ್ಚವನ್ನು ಅಳೆಯುವಾಗ ಕೇಂದ್ರದ 2017ರ ಮೆಟ್ರೊ ನೀತಿ ಟಿಕೆಟ್ ಲಾಭವನ್ನಷ್ಟೇ ನೋಡುವುದಿಲ್ಲ. ಉಳಿದ ಸಮಯ, ಇಂಧನ ಎಲ್ಲ ಸೇರಿ ಆರ್ಥಿಕ ಪ್ರತಿಫಲ ಶೇ. 14 ಇರಬೇಕೆನ್ನುತ್ತದೆ. ಆ ಉಳಿತಾಯ ಕಾಗದ ಬಿಟ್ಟು ಕೆಳಗಿಳಿಯಬೇಕಾದರೆ ಜನ ಹತ್ತಬೇಕು.

ಕೇಂದ್ರ, ರಾಜ್ಯ ಸಮಪಾಲು. ಜೊತೆಗೆ ವಿದೇಶಿ ಸಂಸ್ಥೆಗಳ ನೆರವು.
ನೆರವು ಎಂದರೆ ಸಾಲ ಎಂದೇ ಓದಿಕೊಳ್ಳಿ. ಪುಣೆ ಮೆಟ್ರೊದ ಮೊದಲ ಹಂತಕ್ಕೂ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಸಾಲ ಕೊಟ್ಟಿತ್ತು.

2029ರ ಫೆಬ್ರವರಿಗೆ ಪೂರ್ಣ.
ಮೊದಲ ಹಂತಕ್ಕೆ ಶಂಕುಸ್ಥಾಪನೆಯಾದದ್ದು 2016ರ ಡಿಸೆಂಬರಿನಲ್ಲಿ. ಸ್ವಾರಗೇಟಿಗೆ ರೈಲು ಬಂದದ್ದು 2024ರ ಸೆಪ್ಟೆಂಬರ್ 29ರಂದು. ಎರಡು ನಿಲ್ದಾಣ ಆಮೇಲೆ ಸೇರಿದ ಮೇಲೂ ಫೆಬ್ರವರಿ ಫೆಬ್ರವರಿಯಾಗಿಯೇ ಉಳಿಯುತ್ತದೆಂದು ನಾನಂತೂ ಪಂದ್ಯ ಕಟ್ಟಲಾರೆ.